ಬಿಸಿನೀರು ತಾಗದ ಕೈ

ಮೂವತ್ತನಾಲ್ಕು ವರ್ಷ ನಾನು ಸಂಬಳ ತೆಗೆದುಕೊಂಡಿದ್ದು ಜನರ ಮೈಮೇಲೆ ಮಚ್ಚೆ ಹುಡುಕಿದ್ದಕ್ಕೆ. ನೇಮಕದ ಆದೇಶದಲ್ಲಿ ಕುಷ್ಠರೋಗ ನಿಯಂತ್ರಣ, ಪ್ಯಾರಾ ಮೆಡಿಕಲ್ ನೌಕರ ಎಂದು ಉದ್ದಕ್ಕೆ ಬರೆದಿದ್ದರು. ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ, ಕೊನೆಗೆ ಶಿಡ್ಲಘಟ್ಟ, ಎಲ್ಲಿಗೆ ಹೋದರೂ ಆಸ್ಪತ್ರೆಯವರು ನನಗಿಟ್ಟ ಹೆಸರು ಒಂದೇ: ಮಚ್ಚೆ ಮೇಷ್ಟ್ರು. ಎದುರಿಗೆ ಸಾರ್, ಹಿಂದಿನಿಂದ ಮಚ್ಚೆ ಮೇಷ್ಟ್ರು. ನನಗೇನೂ ಬೇಜಾರಿರಲಿಲ್ಲ.

ಈಗ ಈ ಕೆಲಸಕ್ಕೆ ಸೇರುವವರು ಫೋನ್ ಮಾಡಿ, ಸಾರ್ ಏನು ಓದ್ಕೊಳ್ಳಬೇಕು ಎಂದು ಕೇಳುತ್ತಾರೆ. ಓದಿಕೊಳ್ಳಬೇಕಾದ್ದು ಇಲಾಖೆಯ ಪುಸ್ತಕದಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಮೋಷನ್ ವಿಷಯ ಮಾತ್ರ ಕೇಳಬೇಡಿ. ಒಂದು ಸಿಕ್ಕಿತು. ಅದರಿಂದ ನನ್ನ ಕುರ್ಚಿಗೆ ಎರಡು ಕೈ ಬಂದವು, ಅಷ್ಟೆ.

ನಾನು ಕೆಲಸ ಬಲ್ಲವನು, ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎದುರಿಗಿರುವವರಿಗೆ ಕಣ್ಣು ಮುಚ್ಚಲು ಹೇಳಿ, ಮಚ್ಚೆಯ ಮೇಲೆ ಪೆನ್ನಿನ ತುದಿ ಸೋಕಿಸಿ, ಎಲ್ಲಿ ಮುಟ್ಟಿದೆ ತೋರಿಸಿ ಅನ್ನುತ್ತೇನೆ. ತೋರಿಸದಿದ್ದರೆ ಅಲ್ಲಿ ಸ್ಪರ್ಶ ಇಲ್ಲ. ಆಮೇಲೆ ಮೊಣಕೈಯ ಹಿಂದೆ ಬೆರಳಾಡಿಸಿ ನರ ದಪ್ಪಗಾಗಿದೆಯೇ ನೋಡುತ್ತೇನೆ. ಮುಕ್ಕಾಲು ಪಾಲು ರೋಗ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ. ಮಾತ್ರೆಗೆ ದುಡ್ಡು ಕೊಡಬೇಕಾಗಿಲ್ಲ. ಆರು ತಿಂಗಳೋ ಒಂದು ವರ್ಷವೋ ತಪ್ಪದೆ ನುಂಗಿದರೆ ವಾಸಿ. ನುಂಗಲು ಶುರುಮಾಡಿದ ಮೇಲೆ ಇನ್ನೊಬ್ಬರಿಗೆ ಅಂಟುವ ಭಯವೂ ಇಲ್ಲ. ಇಷ್ಟು ಸಲೀಸಾದ ರೋಗಕ್ಕೆ ನಮ್ಮ ಕಡೆ ಇರುವ ಹೆಸರು ದೊಡ್ಡ ರೋಗ. ತೆಲುಗು ಮಾತಾಡುವ ಮನೆಗಳಲ್ಲೂ ಪೆದ್ದ ರೋಗಂ. ಆ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ, ಬಾಯಿಗೆ ಸೆರಗು ಅಡ್ಡ ಹಿಡಿದು ಆಡುತ್ತಾರೆ.

ನನ್ನ ಮೊದಲ ಊರು ಗೌರಿಬಿದನೂರು. ಆಗ ನಮಗೊಂದು ಜೀಪಿತ್ತು, ಅದರ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ರೋಗದ ಹೆಸರಿತ್ತು. ಅದರ ಮುಂದಿನ ಸೀಟಿನಲ್ಲಿ ಕುಳಿತರೆ ನನಗೆ ತಹಸೀಲ್ದಾರನಾದಷ್ಟು ಜಂಬ. ಒಂದು ಹಳ್ಳಿಯಲ್ಲಿ ಅಶ್ವತ್ಥಪ್ಪ ಎಂಬುವರು ಎರಡು ತಿಂಗಳು ಮಾತ್ರೆ ತೆಗೆದುಕೊಂಡವರು ಮೂರನೆಯ ತಿಂಗಳು ಬರಲಿಲ್ಲ. ನಾನು ಬಿಡುತ್ತೇನೆಯೇ? ಮಾತ್ರೆ ಹಿಡಿದು ಜೀಪನ್ನು ಅವರ ಮನೆ ಬಾಗಿಲಿಗೇ ಒಯ್ದು ನಿಲ್ಲಿಸಿದೆ. ಮೂರು ದಿನದ ಮೇಲೆ ಅವರೇ ಆಸ್ಪತ್ರೆಗೆ ನಡೆದು ಬಂದರು.

“ಸಾರ್, ನಿಮ್ಮ ಗಾಡಿ ಬಂದೋದ ಸಾಯಂಕಾಲದಿಂದ ಡೈರೀಲಿ ನನ್ನ ಹಾಲು ಇಸ್ಕೊಂತಿಲ್ಲ. ಕ್ಯಾನು ತಗೊಂಡು ಮನೆಗೋಗು ಅಂತಾರೆ. ರೋಗ ನಂಗೆ ಸಾರ್, ಹಸು ಏನ್ ಮಾಡಿತ್ತು?”

ಪಕ್ಕದಲ್ಲಿದ್ದ ನಮ್ಮ ವೈದ್ಯಾಧಿಕಾರಿಗಳು ನನಗೆ ಅವರೆದುರು ಏನೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ನನ್ನನ್ನು ಮೊದಲ ಬಸ್ಸಿಗೆ ಹತ್ತಿಸಿಕೊಂಡು ಆ ಹಳ್ಳಿಗೆ ಹೋದರು. ಡೈರಿಯ ಮುಂದೆ ಜನ ಸಾಲು ನಿಂತಿದ್ದ ಹೊತ್ತು. ಡಾಕ್ಟರು ಅಶ್ವತ್ಥಪ್ಪನವರ ಕ್ಯಾನಿನಿಂದ ಒಂದು ಚೊಂಬು ಹಾಲು ಹಾಕಿಸಿಕೊಂಡು, ಎದುರಿನ ಟೀ ಅಂಗಡಿಯಲ್ಲಿ ಕಾಯಿಸಿ, ಬೆಂಚಿನ ಮೇಲೆ ಕುಳಿತು ಪೂರ್ತಿ ಕುಡಿದರು. ಯಾರಿಗೂ ಭಾಷಣ ಮಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೇಳಿದರು: “ಇನ್ಮೇಲೆ ಬಸ್ಸಲ್ಲಿ ಹೋಗಯ್ಯ. ಮಾತ್ರೆ ಊಟದ ಚೀಲದಲ್ಲಿ ಇಟ್ಕೊ. ನೀನು ಯಾರು ಅಂತ ಊರಿಗೆಲ್ಲ ಗೊತ್ತಾಗೋದು ಬೇಡ.” ಡಾಕ್ಟರು ಹಾಲು ಕುಡಿದ ಮೇಲೂ ಡೈರಿಯವರು ದಾರಿಗೆ ಬರಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನದ ಹಾಲು ನನ್ನ ಪಾಪದ ಲೆಕ್ಕಕ್ಕೆ ಎಂದೇ ನಾನು ತಿಳಿದಿದ್ದೇನೆ.

ಚಿಂತಾಮಣಿಯಲ್ಲಿ ಪಾಠ ಕಲಿಸಿದ್ದು ಚಪ್ಪಲಿ. ಪಾದದ ಸ್ಪರ್ಶ ಹೋದವರಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಅದಕ್ಕೆಂದು ಸರ್ಕಾರವೇ ಮೆತ್ತನೆಯ ರಬ್ಬರಿನ ಕಪ್ಪು ಚಪ್ಪಲಿ ಕೊಡುತ್ತದೆ. ಮುರುಗಮಲ್ಲದ ದರ್ಗಾದ ಹತ್ತಿರ ಹೂವು ಮಾರುತ್ತಿದ್ದ ಖಾದರ್ ಸಾಬರಿಗೆ ವರ್ಷ ವರ್ಷವೂ ಒಂದು ಜೊತೆ ಕೊಡುತ್ತಿದ್ದೆ. ಅವರೋ ಸವೆದ ಹವಾಯಿ ಚಪ್ಪಲಿಯಲ್ಲೇ, ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದರು. ಒಂದು ದಿನ ರೇಗಿದೆ. “ಕಾಲು ಕೊಳೆಸ್ಕೊಂಡು ಬರ್ತೀರಲ್ಲ ಸಾಬ್ರೇ, ಬುದ್ಧಿ ಇಲ್ವಾ ನಿಮಗೆ?”

“ಬುದ್ಧಿ ಐತೆ ಸಾರ್, ಅದಕ್ಕೇ ಹಾಕ್ಕೊಳ್ಳಲ್ಲ” ಅಂದರು ಸಾಬರು. “ಆ ಕರೀ ಚಪ್ಪಲಿ ಯಾವ ರೋಗದ್ದು ಅಂತ ಎಲ್ರಿಗೂ ಗೊತ್ತು. ಅದು ಹಾಕ್ಕೊಂಡು ಕೂತ್ರೆ ನನ್ನ ಹೂವು ದರ್ಗಾಕ್ಕೆ ಯಾರು ಒಯ್ತಾರೆ?”

ಅದೇ ವಾರ ಚಪ್ಪಲಿಯ ರಬ್ಬರ್ ಹಾಳೆ ತೆಗೆದುಕೊಂಡು ಹೋಗಿ ಚಿಂತಾಮಣಿಯ ಒಬ್ಬ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟೆ. ಅವರು ಮೇಲೆ ಕಂದು ಪಟ್ಟಿ, ಹಿತ್ತಾಳೆ ಬಕಲು ಹಾಕಿ, ಮದುವೆಗೂ ಹಾಕಿಕೊಂಡು ಹೋಗುವಂತೆ ಮಾಡಿಕೊಟ್ಟರು. ಖಾದರ್ ಸಾಬರು ಹಾಕಿಕೊಂಡರು, ಹುಣ್ಣೂ ಮಾಯಿತು. ನನಗೆ ಮಾತ್ರ ಸರ್ಕಾರಿ ಸಾಮಾನು ಬದಲಾಯಿಸಿದ್ದಕ್ಕೆ ಮೆಮೋ ಬಂತು. ಉತ್ತರ ಬರೆಯುವ ಬದಲು ಎರಡೂ ನಮೂನೆಯ ಚಪ್ಪಲಿಯನ್ನು ಸಾಹೇಬರ ಮೇಜಿನ ಮೇಲಿಟ್ಟು, “ಸಾರ್, ಇದರಲ್ಲಿ ಯಾವುದು ಹಾಕ್ಕೊಂಡು ನೀವು ಸಂತೆಗೆ ಹೋಗ್ತೀರಿ?” ಎಂದು ಕೇಳಿದೆ. ಮೇಜಿನ ಮೇಲೆ ಚಪ್ಪಲಿ ಇಟ್ಟಿದ್ದಕ್ಕೆ ಬೈದರು. ಮೆಮೋ ವಾಪಸು ತೆಗೆದುಕೊಂಡರು.

ಇಷ್ಟೆಲ್ಲ ಕಲಿತವನಿಗೆ ಇನ್ನು ತಪ್ಪಾಗಲು ಏನಿದೆ ಎಂಬ ಧೈರ್ಯದಲ್ಲೇ ಶಿಡ್ಲಘಟ್ಟಕ್ಕೆ ಬಂದೆ. ನಿವೃತ್ತಿಗೆ ಮೂರು ವರ್ಷವಿತ್ತು. ಅಷ್ಟು ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಮನೆಮನೆ ತಿರುಗುವುದು ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದಿತ್ತು, ಅನುಮಾನ ಬಂದವರನ್ನು ನಾನು ನೋಡಿ ಹೇಳಬೇಕು. ಕೆಲವರು ಮಚ್ಚೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಫೋಟೋ ಮುಟ್ಟಿದರೆ ಸ್ಪರ್ಶ ಗೊತ್ತಾಗುತ್ತೇನ್ರಮ್ಮ ಎಂದು ನಾನು ಮೀಟಿಂಗಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ.

ಆಶಾ ಕಾರ್ಯಕರ್ತೆಯರಲ್ಲಿ ಮಂಜುಳಾ ಎಂಬಾಕೆ ನನ್ನ ಮಗಳ ವಯಸ್ಸಿನವಳು, ಮಾತು ಕಡಿಮೆ. ಒಂದು ದಿನ ಬಂದು ಹೇಳಿದಳು: “ಸಾರ್, ನಮ್ಮ ಬೀದಿ ನಾರಾಯಣಮ್ಮನ ಕೈ ಯಾಕೋ ನಂಗೆ ಸರಿ ಕಾಣ್ತಿಲ್ಲ. ಒಂದ್ಸಲ ನೋಡಿ ಸಾರ್.”

ನಾರಾಯಣಮ್ಮ ಒಂದು ರೇಷ್ಮೆ ಫಿಲೇಚರಿನಲ್ಲಿ ನೂಲು ಬಿಚ್ಚುವ ಕೆಲಸದವರು. ನಾವು ಹೋದಾಗ ಒಳಗೆಲ್ಲ ಹಬೆ, ಬೆಂದ ಹುಳುವಿನ ವಾಸನೆ. ಹೆಂಗಸರು ಸಾಲಾಗಿ ಕುಳಿತು, ಕುದಿಯುವಂಥ ನೀರಿನ ಬೇಸಿನ್ನಿನಲ್ಲಿ ತೇಲುವ ಗೂಡುಗಳಿಂದ ಬೆರಳಲ್ಲೇ ಎಳೆಯ ತುದಿ ಹುಡುಕಿ ಎತ್ತುತ್ತಿದ್ದರು. ಪ್ರತಿಯೊಬ್ಬರ ಪಕ್ಕದಲ್ಲೂ ಬೆರಳು ಅದ್ದಿಕೊಳ್ಳಲು ಒಂದು ಬಟ್ಟಲು ತಣ್ಣೀರು. ನಾರಾಯಣಮ್ಮನ ಪಕ್ಕದಲ್ಲಿ ಬಟ್ಟಲಿರಲಿಲ್ಲ.

ಯಜಮಾನರಾದ ಬಾಷಾ ಸಾಹೇಬರು ಬಂದು ಪಕ್ಕದಲ್ಲೇ ನಿಂತರು. “ನೋಡಿ ಸಾರ್, ನಮ್ಮ ನಾರಾಯಣಮ್ಮನ ಕೈಗೆ ಬಿಸಿನೀರೇ ತಾಗಲ್ಲ. ಬೇರೆಯವರು ಒಂದು ಎಳೆ ಹಿಡಿಯೋದ್ರಲ್ಲಿ ಇವರು ಎರಡು ಹಿಡೀತಾರೆ. ಇಂಥ ಕೈ ಇಡೀ ಊರಲ್ಲಿಲ್ಲ” ಎಂದು ಹೊಗಳಿದರು. ನಾರಾಯಣಮ್ಮ ತಲೆ ಎತ್ತದಿದ್ದರೂ ತುಟಿಯಲ್ಲಿ ನಗು ಕಂಡಿತು. ಬೆರಳುಗಳು ಬಿಳಿಚಿ ಊದಿಕೊಂಡು ಅಲ್ಲಲ್ಲಿ ಬಿರಿದಿದ್ದವು, ಗೆಣ್ಣಿನ ಮೇಲೆ ಎರಡು ಬೊಬ್ಬೆ. ಸುತ್ತಲಿನವರ ಕೈಯೂ ಹೆಚ್ಚುಕಡಿಮೆ ಹಾಗೇ ಇತ್ತು. ನಾನು ನಿಂತಲ್ಲಿಂದಲೇ ನೋಡಿ ನಕ್ಕೆ. “ಇದು ನೀರಿನ ಕೈ ಕಣಮ್ಮ ಮಂಜುಳಾ, ಈ ಊರಲ್ಲಿ ಎಲ್ರದ್ದೂ ಹಿಂಗೇ. ಎಲ್ಲಾದ್ರಲ್ಲೂ ರೋಗ ನೋಡ್ಬೇಡ” ಅಂದುಬಿಟ್ಟೆ. ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಅದಾಗಿ ನಾಲ್ಕು ತಿಂಗಳು. ಚಿಕ್ಕಬಳ್ಳಾಪುರದಲ್ಲಿ ತಿಂಗಳ ಮೀಟಿಂಗ್ ಮುಗಿದು ಊಟಕ್ಕೆ ಕುಳಿತಿದ್ದೆವು. ಹೊಸದಾಗಿ ಬಂದಿದ್ದ ಡಾಕ್ಟರಮ್ಮನಿಗೆ ರೇಷ್ಮೆ ಊರಿನ ಕಥೆ ಹೇಳುವ ಉಮೇದಿನಲ್ಲಿ, ಬಿಸಿನೀರು ತಾಗದ ಕೈಯ ಸಂಗತಿಯನ್ನೂ ರಸವತ್ತಾಗಿ ಹೇಳಿದೆ. ಸುತ್ತ ಕುಳಿತವರೆಲ್ಲ ನಕ್ಕರು. ಡಾಕ್ಟರಮ್ಮ ನಗಲಿಲ್ಲ.

“ಸಾರ್, ಅವರ ಮೊಣಕೈ ಮುಟ್ಟಿ ನೋಡಿದ್ರಾ?”

ಅನ್ನ ಕಲೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷದಿಂದ ನಾನು ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆ ಅದು. ಎಷ್ಟು ನಾಚಿಕೆಯಾಯಿತೆಂದರೆ, ಎಲೆ ಬಿಟ್ಟು ಎದ್ದು ಕೈ ತೊಳೆದು ನೇರ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅವತ್ತು ಸಂಜೆ ಮಂಜುಳಾ ನಾರಾಯಣಮ್ಮನನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆದುಕೊಂಡು ಬಂದಳು. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಕಿರುಬೆರಳು ಮುಟ್ಟಿದೆ. “ಮುಟ್ಟಿ ಸಾರ್” ಅಂದರು. ಉಂಗುರದ ಬೆರಳು ಮುಟ್ಟಿದೆ. “ಇನ್ನೂ ಮುಟ್ಟಿಲ್ವಾ?” ಅಂದರು. ಎರಡೂ ಕೈಯಲ್ಲಿ ಅದೇ ಕಥೆ. ಮೊಣಕೈಯ ಹಿಂದಿನ ನರ ಹುರಿಯಂತೆ ಕೈಗೆ ಸಿಕ್ಕಿತು. ಎಡಗೈಯ ಎರಡು ಬೆರಳು ಆಗಲೇ ಒಳಕ್ಕೆ ಬಾಗಲು ಶುರುಮಾಡಿದ್ದವು. ತೋಳಿನ ಮೇಲೆ, ರವಿಕೆಯ ತೋಳಿನ ಮರೆಯಲ್ಲಿ ಮಚ್ಚೆಗಳಿವೆ ಎಂದು ಮಂಜುಳಾ ನೋಡಿ ಹೇಳಿದಳು. ಅವಳು ಅದನ್ನು ಮೊದಲೇ ನೋಡಿದ್ದಳು.

ರೋಗದ ಹೆಸರು ಹೇಳಿದಾಗ ನಾರಾಯಣಮ್ಮ ಅಳಲಿಲ್ಲ. ಬಹಳ ಹೊತ್ತು ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಉಗಾದಿ ಆದ್ಮೇಲೆ ಒಂದಿನ ಒಲೆ ಮೇಲಿನ ಪಾತ್ರೆ ಬರೀ ಕೈಲಿ ಇಳಿಸಿದ್ದೆ. ಮನೇರೆಲ್ಲ ಅಬ್ಬಾ ಅಂದ್ರು. ಚೆನ್ನಾಗೈತಲ್ಲ ಅಂದ್ಕೊಂಡೆ. ಹದಿನೆಂಟು ವರ್ಷದಿಂದ ಆ ಬೇಸಿನ್ ಮುಂದೆ ಕೂತಿದ್ದೀನಿ ಸಾರ್. ಸಾಹೇಬ್ರು ನನ್ನ ಹೊಗಳಿದ್ದು ಇದೊಂದಕ್ಕೇ.”

“ನಾಲ್ಕು ತಿಂಗಳ ಹಿಂದೆ ನಾನು ಮುಟ್ಟಿ ನೋಡಬೇಕಿತ್ತಮ್ಮ. ನೋಡಲಿಲ್ಲ. ತಪ್ಪು ನಂದು” ಅಂದೆ.

“ಅದಿರ್ಲಿ. ಈಗ ವಾಸಿಯಾಗ್ತದಾ ಇಲ್ವಾ, ಅದ್ಹೇಳಿ.”

“ರೋಗ ವಾಸಿಯಾಗೇ ಆಗ್ತದೆ. ಬೆರಳಿಗೆ ಸ್ಪರ್ಶ ವಾಪಸ್ ಬರೋದು ಮಾತ್ರ ಹೇಳಕ್ಕಾಗಲ್ಲ. ನರಕ್ಕೆ ಬೇರೆ ಮಾತ್ರೆ ಕೊಡ್ತಾರೆ, ನೋಡಣ. ಬಿಸಿನೀರಿಗೆ ಮಾತ್ರ ಇನ್ನು ಕೈ ಇಡಬಾರದು.”

ಆಕೆ ಒಂದೇ ಷರತ್ತು ಹಾಕಿದರು. “ನೀವು ನಮ್ಮನೆ ಬಾಗ್ಲಿಗೆ ಬರಬಾರದು. ಬಿ.ಪಿ. ಮಾತ್ರೆ ಕೊಡೋ ದಿನ ನಾನೇ ಇಲ್ಲಿಗೆ ಬರ್ತೀನಿ, ಎಲ್ರ ಜೊತೆ ನಿಂತು ತಗೊಂತೀನಿ. ನಮ್ಮ ಬೀದೀಲಿ ಇರೋದು ಒಂದೇ ಕೊಳಾಯಿ ಸಾರ್. ಗೊತ್ತಾದ್ರೆ ನನ್ನ ಕೊಡದ ಪಕ್ಕ ಯಾರೂ ಕೊಡ ಇಡಲ್ಲ.” ನಾನು ಒಪ್ಪಿದೆ.

ಅವರು ಹೋದ ಮೇಲೆ ಮಂಜುಳಾಗೂ ತಪ್ಪಾಯ್ತಮ್ಮ ಎಂದೆ. “ಇಲ್ಲ ಸಾರ್, ನಾನು ಇನ್ನೊಂದ್ಸಲ ಹೇಳ್ಬೇಕಿತ್ತು. ನೀವು ಎಲ್ರ ಮುಂದೆ ನಗ್ತೀರಿ ಅಂತ ಹೆದರ್ಕೊಂಡೆ” ಅಂದಳು. ಈಗ ಮೇಲ್ವಿಚಾರಕರಾಗಿ ಸೇರುತ್ತಿರುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಿ. ನನ್ನ ಮೀಟಿಂಗಿನ ತಮಾಷೆಗಳಿಂದ ಇನ್ನೆಷ್ಟು ಜನ ಬಾಯಿ ಮುಚ್ಚಿಕೊಂಡು ಕುಳಿತಿದ್ದರೋ ನನಗೆ ಗೊತ್ತಿಲ್ಲ.

ಇಷ್ಟಾದರೂ ನಾನು ಬುದ್ಧಿ ಕಲಿಯಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಬಾಷಾ ಸಾಹೇಬರ ಹತ್ತಿರ ಹೋಗಿ, ನಾರಾಯಣಮ್ಮನಿಗೆ ನೀರಿನ ಅಲರ್ಜಿ, ಬೇಸಿನ್ ಕೆಲಸ ಬಿಡಿಸಿ ಬೇರೇನಾದರೂ ಕೊಡಿ ಎಂದು ಹೇಳಿ ಬಂದೆ. ರೋಗದ ಹೆಸರೆತ್ತಲಿಲ್ಲ, ಗುಟ್ಟೂ ಉಳಿಯಿತು, ಕೈಯೂ ಉಳಿಯುತ್ತದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮಧ್ಯಾಹ್ನಕ್ಕೆ ನಾರಾಯಣಮ್ಮ ಉಪಕೇಂದ್ರದ ಬಾಗಿಲಲ್ಲಿ ನಿಂತಿದ್ದರು.

“ಏನ್ ಸಾರ್, ಈ ಕೈ ನಂದಾ, ನಿಮ್ದಾ?”

ಬೆಳಿಗ್ಗೆ ಕೆಲಸಕ್ಕೆ ಹೋದರೆ ಅವರ ಜಾಗದಲ್ಲಿ ಇನ್ನೊಬ್ಬರು ಕುಳಿತಿದ್ದರಂತೆ. ಸಾಹೇಬರು ಮೂಲೆ ತೋರಿಸಿ ಕೆಟ್ಟ ಗೂಡು ಆರಿಸಲು ಹೇಳಿದರಂತೆ. ಯಾಕೆ ಎಂದು ಎಲ್ಲರೂ ಕೇಳುವವರೇ, ಇವರಿಗೆ ಮಾತ್ರ ಕಾರಣ ಗೊತ್ತಿಲ್ಲ.

“ರೋಗ ಬಂದಿರೋದು ನಂಗೆ. ಸಾಹೇಬ್ರ ಹತ್ರ ಏನ್ ಹೇಳ್ಬೇಕು, ಯಾವಾಗ ಹೇಳ್ಬೇಕು ಅಂತ ನಾನು ನೋಡ್ಕೊಂತೀನಿ. ಅಯ್ಯೋ ಪಾಪ ಅಂತ ನನ್ನ ಬಿಟ್ಟು ನನ್ನ ಮಾತು ಆಡ್ಬೇಡಿ ಸಾರ್. ಹದಿನೆಂಟು ವರ್ಷ ದುಡ್ದಿರೋ ಜಾಗದಲ್ಲಿ ನನ್ನ ಕಳ್ಳಿ ಥರ ಮೂಲೇಲಿ ಕೂರಿಸಿದ್ರಿ.”

ಮೊದಲು ನನಗೆ ಸಿಟ್ಟು ಬಂತು. ಒಳ್ಳೆಯದು ಮಾಡಲು ಹೋದವನಿಗೆ ಇದು ಬೇಕಿತ್ತೇ ಎಂದುಕೊಂಡೆ. ಆಕೆ ಹೋದ ಮೇಲೆ ಒಬ್ಬನೇ ಕುಳಿತು ಯೋಚಿಸಿದಾಗ ತಿಳಿಯಿತು. ಕನಿಕರಕ್ಕೆ ನನ್ನಲ್ಲಿ ಯಾವತ್ತೂ ಬರವಿರಲಿಲ್ಲ. ಅಶ್ವತ್ಥಪ್ಪನವರ ಬಾಗಿಲಿಗೆ ಜೀಪು ಒಯ್ದದ್ದೂ ಕನಿಕರದಿಂದಲೇ. ಆಕೆಯನ್ನು ಒಂದು ಮಾತು ಕೇಳಬೇಕು ಎನ್ನುವುದು ಮಾತ್ರ ನನಗೆ ಹೊಳೆಯಲೇ ಇಲ್ಲ. ಕಷ್ಟದಲ್ಲಿರುವವರನ್ನು ಕಂಡರೆ ಅವರಿಗೆ ತಲೆಯೂ ಕೆಟ್ಟಿದೆ ಎಂದುಕೊಳ್ಳುವುದು ನಮ್ಮ ಕೆಲಸದವರಿಗೆ ಅಂಟುವ ರೋಗ, ಅದಕ್ಕೆ ಮಾತ್ರೆ ಇಲ್ಲ.

ಎರಡು ದಿನ ಕಳೆದು ನಾರಾಯಣಮ್ಮ ಹೇಳಿ ಕಳಿಸಿದರು. ಫಿಲೇಚರಿನ ಎದುರಿನ ಟೀ ಅಂಗಡಿಯಲ್ಲಿ ಕೂತಿರಬೇಕು, ಕರೆದರೆ ಮಾತ್ರ ಒಳಗೆ ಬರಬೇಕು. ಹಾಗೇ ಕುಳಿತೆ. ಅಷ್ಟು ವರ್ಷದ ಸರ್ವೀಸಿನಲ್ಲಿ ಅಷ್ಟು ವಿಧೇಯನಾಗಿ ನಾನು ಯಾವ ಸಾಹೇಬರಿಗೂ ಕಾದಿರಲಿಲ್ಲ. ಒಳಗೆ ಏನಾಗುತ್ತಿದೆಯೋ, ಆಕೆಯನ್ನು ಕೆಲಸದಿಂದಲೇ ತೆಗೆದುಬಿಟ್ಟರೆ ಏನು ಗತಿ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಅರ್ಧ ಗಂಟೆಯ ಮೇಲೆ ಕರೆ ಬಂತು.

ಬಾಷಾ ಸಾಹೇಬರ ಮುಖ ಇಳಿದುಹೋಗಿತ್ತು. “ಎಲ್ಲಾ ಹೇಳಿದ್ರು ಸಾರ್. ಇದು ಅಂಟ್ತದಾ?” ಎಂದು ಕೇಳಿದರು. ಮಾತ್ರೆ ಶುರುವಾಗಿದೆ, ಇನ್ನು ಭಯವಿಲ್ಲ, ಬೇಕಿದ್ದರೆ ಇಲ್ಲಿರುವ ಎಲ್ಲರ ಚರ್ಮವನ್ನೂ ನೋಡುತ್ತೇನೆ, ನಿಮ್ಮದನ್ನೂ ಸೇರಿಸಿ ಎಂದೆ. ಅವರು ನಾರಾಯಣಮ್ಮನ ಕೈ ಕಡೆ ನೋಡಿದರು.

“ಬಂದೋರಿಗೆಲ್ಲ ತೋರಿಸ್ಕೊಂಡು ತಿರುಗ್ದೆ ಸಾರ್ ನಾನು. ಆ ಕೈ ಬೇಯ್ತಾ ಇತ್ತು, ನಾನು ಭೇಷ್ ಅಂತಿದ್ದೆ.”

“ನಾನು ನಕ್ಕಿದ್ದೆ ಸಾಹೇಬ್ರೇ” ಅಂದೆ.

ನಮ್ಮಿಬ್ಬರ ಪಶ್ಚಾತ್ತಾಪಕ್ಕೆ ನಾರಾಯಣಮ್ಮ ಕಾಯಲಿಲ್ಲ. “ಆಯ್ತು ಬಿಡಿ. ನಂಗೆ ಮೂಲೆ ಬೇಡ. ರೀರೀಲಿಂಗ್ ಕೊಡಿ, ಬಿಚ್ಚಿದ ನೂಲು ಮತ್ತೆ ಸುತ್ತೋ ಕಡೆ ನೀರಿನ ಕೆಲ್ಸ ಇಲ್ಲ. ಹೊಸದಾಗಿ ಬೇಸಿನ್‌ಗೆ ಬರೋರಿಗೆ ಎಳೆ ಹಿಡಿಯೋದು ನಾನೇ ಕಲಿಸ್ತೀನಿ, ಬಾಯಲ್ಲಿ ಹೇಳಿ. ಮಿಕ್ಕೋರಿಗೆ ಹೇಳೋದು ಬಿಡೋದು ನಂಗೆ ಬಿಡಿ” ಅಂದರು. ಸಾಹೇಬರು ಒಪ್ಪಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಅದು ಸರಿಯಾಗಿಯೇ ಇತ್ತು.

ಒಂದು ವರ್ಷ ಆಕೆ ಒಂದು ಮಾತ್ರೆ ತಪ್ಪಿಸಲಿಲ್ಲ. ಮಾತ್ರೆಗೆ ಮೈಬಣ್ಣ ಕಪ್ಪಾಯಿತು, ಕೇಳಿದವರಿಗೆ ಬಿಸಿಲು ಅಂದರು. ದಿನಾ ಎಣ್ಣೆ ಹಚ್ಚಿ ಬೆರಳು ನೀವಿ ನೆಟ್ಟಗೆ ಮಾಡುವ ವ್ಯಾಯಾಮವನ್ನೂ ಬಿಡಲಿಲ್ಲ. ತಿಂಗಳು ತಿಂಗಳು ಪೆನ್ನಿನ ತುದಿಯಿಂದ ನೋಡುತ್ತಿದ್ದೆ. ಬಲಗೈಗೆ ಸ್ಪರ್ಶ ಮರಳಿತು: ಮೊದಲು ಅಂಗೈಯ ಅಂಚು, ಆಮೇಲೆ ಉಂಗುರದ ಬೆರಳು, ಎಂಟನೆಯ ತಿಂಗಳು ಕಿರುಬೆರಳು. “ಇಲ್ಲಿ” ಎಂದು ಆಕೆ ಮೊದಲ ಸಲ ಸರಿಯಾಗಿ ತೋರಿಸಿದಾಗ ಮಂಜುಳಾ ಚಪ್ಪಾಳೆ ತಟ್ಟಿದಳು. ಎಡಗೈಗೆ ಮಾತ್ರ ಸ್ಪರ್ಶ ಬರಲಿಲ್ಲ. ಎರಡು ಬೆರಳು ಬಾಗಿದ್ದು ಬಾಗಿಯೇ ಉಳಿದವು.

ನಾನು ನಿವೃತ್ತನಾಗಿ ಕೆಲವು ತಿಂಗಳಿಗೆ ಮಂಜುಳಾ ಫೋನ್ ಮಾಡಿದಳು. “ನಾರಾಯಣಮ್ಮ ನಿಮ್ಮನ್ನ ಮನೆಗೆ ಕರೀತಾವ್ರೆ ಸಾರ್.” ಮನೆಗಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹೋದಾಗ ಹಗಲು ಹನ್ನೊಂದು ಗಂಟೆ, ಬೀದಿ ತುಂಬ ಜನ. ಬಾಗಿಲಲ್ಲೇ ನಿಂತಿದ್ದ ನಾರಾಯಣಮ್ಮ ಎಲ್ಲ ಮನೆಗೂ ಕೇಳುವಂತೆ, “ಬನ್ನಿ ಸಾರ್, ಒಳಗೆ ಬನ್ನಿ” ಎಂದು ಕರೆದರು. ಪಕ್ಕದ ಮನೆಯಾಕೆ ಯಾರಿವರು ಎಂದು ಕೇಳಿದ್ದಕ್ಕೆ, “ನನ್ನ ಕೈ ವಾಸಿ ಮಾಡ್ದೋರು ಕಣೇ” ಅಂದರು. ಆ ಮಾತಿಗೆ ನಾನು ತಲೆ ತಗ್ಗಿಸಿದೆ.

ಕುರ್ಚಿ ಹಾಕಿ ಕೂರಿಸಿ, ತಾವು ಎದುರಿಗೆ ಚಾಪೆಯ ಮೇಲೆ ಕುಳಿತರು. ಮನೆಯ ಸಮಾಚಾರ, ಫಿಲೇಚರಿನ ಸಮಾಚಾರ ಎಲ್ಲ ಆಯಿತು. ಆಮೇಲೆ ಎಡಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಅದನ್ನೇ ನೋಡುತ್ತಾ ಕೇಳಿದರು.

“ಸಾರ್, ಒಂದು ಮಾತು. ಆವತ್ತು ಮೊದಲ್ನೇ ಸಲ ಬಂದಾಗ್ಲೇ ನೀವು ನೋಡಿದ್ರೆ, ಇದೂ ಬರ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಹೇಳಲು ಬರುವುದಿಲ್ಲಮ್ಮ, ಅದು ದೇವರ ಕೈಲಿದೆ ಎಂದು ಜಾರಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಆಕೆಗೆ ಹಾಗೆ ಹೇಳಲು ಮನಸ್ಸು ಬರಲಿಲ್ಲ.

“ಬರ್ತಿತ್ತಮ್ಮ” ಅಂದೆ. “ಹೆಚ್ಚುಕಡಿಮೆ ಬಂದೇ ಬರ್ತಿತ್ತು.”

ನಾರಾಯಣಮ್ಮ ಎದ್ದು ಒಳಗೆ ಹೋದರು. ಒಲೆ ಹಚ್ಚಿದ ಸದ್ದು, ಪಾತ್ರೆಯ ಸದ್ದು ಕೇಳಿಸಿತು. ಎದ್ದು ಹೋಗಿಬಿಡಲೇ ಎಂದು ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಅಷ್ಟರಲ್ಲಿ ಬಲಗೈಯಲ್ಲಿ ಟೀ ತುಂಬಿದ ಸ್ಟೀಲ್ ಲೋಟ ಹಿಡಿದು ಬಂದರು. ನಾಲ್ಕು ಹೆಜ್ಜೆಯ ದಾರಿಯಲ್ಲಿ ಎರಡು ಸಲ ಬೆರಳು ಬದಲಿಸಿದರು, ಆಮೇಲೆ ತಡೆಯಲಾರದೆ ಸೆರಗಿನ ತುದಿ ಸುತ್ತಿ ಹಿಡಿದು ನನ್ನ ಮುಂದೆ ಚಾಚಿದರು.

“ಸುಡ್ತೈತೆ ಸಾರ್, ನೋಡ್ಕೊಂಡು ಹಿಡ್ಕೊಳ್ಳಿ.”